ಬೆನ್ನು ನೋಡುವವರು

ಏಪ್ರಿಲ್ ೪

ಅತ್ತೆಗೆ ನಮಸ್ಕಾರಗಳು.

ಮೇಲಿನ ಎರಡು ಪದ ಬರೆಯಲು ಅರ್ಧ ಮಧ್ಯಾಹ್ನ ಹಿಡಿಯಿತು. ಮೊದಲು ‘ಅಮ್ಮನವರಿಗೆ’ ಎಂದು ಬರೆದೆ; ಯಾರ ಹತ್ತಿರವೋ ಬಾಡಿಗೆ ಮನೆ ಕೇಳಿದ ಹಾಗಾಯಿತು. ಆಮೇಲೆ ‘ಮಾನ್ಯರೇ’ ಎಂದು ಬರೆದು ನಾನೇ ನಕ್ಕೆ. ನಿಮ್ಮ ಮಗನಿಗೂ ನನಗೂ ವಿಚ್ಛೇದನವಾಗಿ ಒಂದು ಚಳಿಗಾಲ ಕಳೆಯಿತು. ಕಾಗದಪತ್ರದ ಲೆಕ್ಕದಲ್ಲಿ ನಾನೀಗ ನಿಮಗೆ ಏನೂ ಅಲ್ಲ. ಆದರೆ ಏಳು ವರ್ಷ ಬಾಯಿ ತುಂಬ ಕರೆದದ್ದನ್ನು ನಾಲಿಗೆ ಅಷ್ಟು ಬೇಗ ಮರೆಯುವುದಿಲ್ಲ. ಬೇಡವೆನಿಸಿದರೆ ಹೇಳಿ, ಬೇರೆ ಏನಾದರೂ ಹುಡುಕಿಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಪೇಟೆಯಲ್ಲಿ ಒಂದು ಕನ್ನಡಕದಂಗಡಿಯಲ್ಲಿ ಕೆಲಸ ಸಿಕ್ಕಿದೆ. ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಸಾಸಿವೆಗಿಂತ ಸಣ್ಣ ತಿರುಪು ಬಿಗಿಮಾಡುವುದು. ಒಮ್ಮೆ ತಿರುಪು ನೆಲಕ್ಕೆ ಬಿತ್ತು. ಮೂರು ಜನ ಮಂಡಿಯೂರಿ ಹುಡುಕುತ್ತಿದ್ದರು. ನಾನು ನಿಂತಲ್ಲಿಂದಲೇ ತೋರಿಸಿದೆ. “ಇಂಥಾ ಕಣ್ಣು ಎಲ್ಲಿ ಸಂಪಾದಿಸ್ದೆಯಮ್ಮಾ?” ಎಂದರು ಯಜಮಾನರು. “ಕುದುರೆ ಲಾಯದಲ್ಲಿ” ಎಂದೆ. ತಮಾಷೆ ಎಂದುಕೊಂಡರು. ಅಂಗಡಿಯ ಮೇಲೆಯೇ ನನಗೊಂದು ಕೋಣೆ. ಕಿಟಕಿ ತೆರೆದರೆ ಎದುರುಮನೆಯ ಗೋಡೆ, ಅದರ ಮೇಲೆ ಒಂದು ಬೆಕ್ಕು. ಅದೇ ನನ್ನ ಈಗಿನ ಕಾಡು.

ಬರೆದದ್ದು ಒಂದು ವಿಷಯ ಕೇಳಲು. ಚಳಿ ಬಿಟ್ಟಿತು, ನಿಮ್ಮ ಕುದುರೆಗಳ ಕಾಡುದಾರಿಯ ಸವಾರಿ ಶುರುವಾಗಿರುತ್ತದೆ. ದಾರಿಯ ಎರಡೂ ಅಂಚಿನಲ್ಲಿ ಹುಲ್ಲು ಎದ್ದಿರುತ್ತದೆ. ಹುಲ್ಲಿನ ತುದಿಯಲ್ಲಿ ರಕ್ತ ಹೀರುವ ಉಣುಗು ಕಾಲು ಚಾಚಿಕೊಂಡು, ನೀವು ಹೇಳುತ್ತಿದ್ದ ಹಾಗೆ, ಬಸ್ಸಿಗೆ ಕೈ ಅಡ್ಡ ಹಿಡಿದವರಂತೆ ಕಾದಿರುತ್ತದೆ.

ನಾನು ಆ ಮನೆಗೆ ಬಂದ ಮೊದಲ ಸಂಜೆ ನೆನಪಿದೆಯಾ? ಹೊಸ ಸೊಸೆ, ಹೊಸ ಚಪ್ಪಲಿ, ಕುದುರೆ ಎಂದರೆ ಮಾರು ದೂರ. ನೀವು ಸವಾರರ ಗುಂಪನ್ನು ಕಾಡು ಸುತ್ತಿಸಿಕೊಂಡು ಬಂದು ನಿಮ್ಮ ಕುದುರೆ ದೊರೆಯ ಮೇಲಿಂದ ಇಳಿದಿರಿ. ನನ್ನ ಕಡೆ ನೋಡಲೂ ಇಲ್ಲ. ಮೊದಲು ಅದರ ಗದ್ದದ ಕೆಳಗೆ, ಎದೆಯ ಸಂದಿನಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿದಿರಿ. ಆಮೇಲೆ ಬಂದವರನ್ನೆಲ್ಲ ಜೀನಿನ ಕೋಣೆಯಲ್ಲಿ ಇಬ್ಬಿಬ್ಬರಾಗಿ ನಿಲ್ಲಿಸಿದಿರಿ, ಹೆಂಗಸರು ಪರದೆಯ ಆಚೆ, ಗಂಡಸರು ಈಚೆ. ಒಬ್ಬರ ಕಿವಿಯ ಹಿಂದೆ, ಕತ್ತಿನ ಕೂದಲಂಚಿನಲ್ಲಿ, ಕಂಕುಳಲ್ಲಿ, ಮೊಣಕಾಲಿನ ಹಿಂದೆ ಇನ್ನೊಬ್ಬರು ನೋಡಬೇಕು. ನೋಡಿದವರು ತಿರುಗಿ ನಿಂತು ತಮ್ಮದೂ ತೋರಿಸಬೇಕು. ಅದಕ್ಕೆ ನೀವಿಟ್ಟ ಹೆಸರು ‘ನೋಟ’. “ಮೊದ್ಲು ಬಾಯಿಲ್ಲದ್ದು, ಆಮೇಲೆ ಬಾಯಿರೋವ್ರು, ಆಮೇಲೆ ಚಹಾ” ಎಂದು ಗದರಿದಿರಿ. ಎಲ್ಲ ಮುಗಿದ ಮೇಲೆ ಒಂದು ಬಕೆಟ್ಟು ಬೋರಲು ಹಾಕಿ ಕೂತು, ನನ್ನ ಕೈಗೆ ಚಿಮಟ ಕೊಟ್ಟು, “ಬಾರೇ ಗುಬ್ಬಿ, ನನ್ನ ಬೆನ್ನು ನೋಡು. ತನ್ನ ಬೆನ್ನು ತನಗೆ ಕಾಣಲ್ಲ” ಎಂದಿರಿ. ನನಗೆ ಗುಬ್ಬಿ ಎಂಬ ಹೆಸರು ಬಿದ್ದದ್ದೂ ಆಗಲೇ.

ಈ ಶಿಸ್ತು ಲಾಳ ಕಟ್ಟುವ ಅಣ್ಣನನ್ನು ನೋಡಿ ಶುರುವಾದದ್ದು ಎಂದು ಆಮೇಲೆ ಹೇಳಿದಿರಿ. ಗಸಗಸೆ ಕಾಳಿನಷ್ಟು ಉಣುಗು ಕಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಲೈಮ್ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಮುಖದ ಒಂದು ಪಕ್ಕ ಜೋತು, ಮೊಣಕಾಲು ಊದಿ, ಬಹಳ ಕಾಲ ಸುತ್ತಿಗೆ ಹಿಡಿಯಲಾಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈ ವರ್ಷ ನಿಮ್ಮ ಬೆನ್ನು ಯಾರು ನೋಡುತ್ತಿದ್ದಾರೆ?

ಇಂತಿ,
(ಏನೆಂದು ಸಹಿ ಹಾಕಬೇಕೋ ತಿಳಿಯದ)
ಗುಬ್ಬಿ


ಏಪ್ರಿಲ್ ೧೯

ಗುಬ್ಬಿಗೆ ಅತ್ತೆಯ ಆಶೀರ್ವಾದ.

ಕೋರ್ಟಿನವರು ಬೇರೆ ಮಾಡಿದ್ದು ನಿನ್ನನ್ನೂ ನನ್ನ ಮಗನನ್ನೂ. ನನ್ನನ್ನು ಯಾರು ಕೇಳಿದರು? ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆದ್ದರಿಂದ ತೆಪ್ಪಗೆ ಅತ್ತೆ ಎಂದೇ ಬರಿ.

ನಾನೇ ಮೊದಲು ಬರೆಯಬೇಕೆಂದಿದ್ದೆ. “ಅವಳ ಪಾಡಿಗೆ ಅವಳನ್ನ ಬಿಡಮ್ಮ, ಕೆದಕಬೇಡ” ಎಂದ ಮಗ. ಲಾರಿ ಓಡಿಸಿಕೊಂಡು ಊರೂರು ಸುತ್ತುವವನು, ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಬಂದಾಗಲೂ ಬಾಯಿಗೆ ಬೀಗ. ನಿನಗೆ ನಾನು ಹೇಳಬೇಕೇ? ಅಂಥವನು ಇಷ್ಟುದ್ದ ಮಾತಾಡಿದನಲ್ಲ ಎಂದು ನಾನೂ ಸುಮ್ಮನಾದೆ. ನಿಮ್ಮಿಬ್ಬರಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಜಗಳವಾಡುವವರನ್ನು ಹಿಡಿದು ಕೂರಿಸಬಹುದು. ಮಾತೇ ಆಡದವರನ್ನು ಏನು ಮಾಡುವುದು?

ದೊರೆಗೆ ವಯಸ್ಸಾದರೂ ಠೀವಿ ಹೋಗಿಲ್ಲ. ಹೆಣ್ಣು ಕುದುರೆ ಮುಂಗೋಪಿ ಈ ವರ್ಷವೂ ಇಬ್ಬರ ಟೋಪಿ ತಿಂದಳು. ಮೊನ್ನೆ ಒಬ್ಬ ಮೇಷ್ಟರು ಕರೀ ಪ್ಯಾಂಟಿನಲ್ಲಿ ಇಸ್ತ್ರಿ ಮುರಿಯದ ಹಾಗೆ ನಡೆದು ಬಂದರು. ಪೆಟ್ಟಿಗೆಯಿಂದ ಬಿಳೀದು ತೆಗೆದು ಕೊಟ್ಟು, ಅಂಚನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ ಎಂದೆ. “ಹೀಗಿದ್ರೆ ಚೆನ್ನಾಗ್ ಕಾಣಲ್ಲಮ್ಮ” ಎಂದರು. “ನೀವು ಕಾಣೋದು ಬೇಡ ಮೇಷ್ಟ್ರೇ, ಅದು ಕಾಣ್ಬೇಕು” ಎಂದೆ. ಹಳ್ಳದ ಹತ್ತಿರ ಜಿಂಕೆ ನೋಡುವ ಆಸೆಗೆ ಅಂಚಿನ ಜರೀಗಿಡಕ್ಕೆ ಕುದುರೆ ನುಗ್ಗಿಸಿದರು. ದಾರಿಯ ನಡುವೆ ಬನ್ನಿ ಎಂದು ನಾನು ಕೂಗುತ್ತಲೇ ಇದ್ದೆ. ಹೊರಗೆ ಬಂದಾಗ ಬಿಳಿ ಪ್ಯಾಂಟಿನ ಮೇಲೆ ನಾಲ್ಕು ಉಣುಗು ಹತ್ತುತ್ತಿದ್ದವು. ಆಮೇಲೆ ದಾರಿಯುದ್ದಕ್ಕೂ ಮೇಷ್ಟರು ಗೆರೆ ಎಳೆದ ಹಾಗೆ ನಡುವಲ್ಲೇ ಬಂದರು.

ನನ್ನ ಬೆನ್ನಿನ ಚಿಂತೆ ನಿನಗೆ ಬೇಡ. ಜೀನಿನ ಕೋಣೆಯ ಬಾಗಿಲಿಗೆ ಕನ್ನಡಿ ಹೊಡೆಸಿದ್ದೇನೆ. ಇನ್ನೊಂದು ಕೈಗನ್ನಡಿ ಇದೆ. ಎರಡನ್ನೂ ಎದುರುಬದುರು ಹಿಡಿದರೆ ಎಲ್ಲ ಕಾಣುತ್ತದೆ.

ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದೀಯಾ? ಒಬ್ಬಳಿಗಾಗಿ ಒಲೆ ಹಚ್ಚುವುದಕ್ಕೆ ಸೋಮಾರಿತನ ಬರುತ್ತದೆ. ಅದು ನನಗೆ ಗೊತ್ತು.

ಅತ್ತೆ


ಮೇ ೧೧

ಅತ್ತೆ, ನಮಸ್ಕಾರ.

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಮೇಷ್ಟರ ಭಾಗ ಬಂದಾಗ ಜೋರಾಗಿ ನಕ್ಕೆ; ಕಣ್ಣು ಪರೀಕ್ಷೆಗೆ ಕೂತಿದ್ದ ಅಜ್ಜ “ಅಷ್ಟೊಂದು ತಪ್ಪಾಗಿ ಓದಿದ್ನಾ?” ಎಂದು ಬೇಸರ ಮಾಡಿಕೊಂಡರು. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಸಾಕಾಯಿತು.

ಮೂರು ಹೊತ್ತೂ ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ. ದಪ್ಪಗಾಗಿದ್ದೇನೆ ಎಂದು ಬೇಕಾದರೂ ಇಟ್ಟುಕೊಳ್ಳಿ.

ನಿಮ್ಮ ಕಥೆಗಳನ್ನು ಯಜಮಾನರಿಗೆ ಹೇಳುತ್ತಿರುತ್ತೇನೆ. ಅವರಿಗೆ ಬಹಳ ಇಷ್ಟವಾದದ್ದು ಆ ದೊಡ್ಡ ಮನುಷ್ಯನದು. ಹೊಳೆಯುವ ಬೂಟು ಹಾಕಿಕೊಂಡು ಬಂದು, ನೋಟಕ್ಕೆ ನಿಲ್ಲಿ ಎಂದಾಗ “ನಾನು ಯಾರು ಗೊತ್ತೇನಮ್ಮಾ?” ಎಂದಿದ್ದರಲ್ಲ. ನೀವು ಜೀನು ಇಳಿಸುತ್ತಲೇ, “ನನಗೆ ಗೊತ್ತು ಸ್ವಾಮಿ. ಉಣುಗಿಗೆ ಗೊತ್ತಿಲ್ಲ” ಎಂದಿರಿ. ಕೊನೆಗೆ ಅವರ ಕಿವಿಯ ಹಿಂದೆಯೇ ಒಂದು ಕಚ್ಚಿಕೊಂಡಿತ್ತು. ಬೆಂಕಿಕಡ್ಡಿ ತೋರಿಸಿ, ಸೀಮೆಎಣ್ಣೆ ಹಾಕಿ ಎಂದು ಅವರು ಕುಣಿದಾಡಿದರು. “ಮನೆಗೆ ನುಗ್ಗಿದ ಕಳ್ಳನ್ನ ಹಿಡಿದು ಹೊರಗೆ ಎಳೀಬೇಕು. ಮನೆಗೇ ಬೆಂಕಿ ಇಡ್ತೀರಾ?” ಎಂದು ನೀವು ಅವರನ್ನು ಕೂರಿಸಿ, ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ಅವಸರ ಮಾಡದೆ ನೇರವಾಗಿ ಎಳೆದಿರಿ. ಸೀಸೆಗೆ ಹಾಕಿ ಅವರ ಕೈಗೇ ಕೊಟ್ಟು, “ಜ್ವರ ಬಂದ್ರೆ, ಕೆಂಪು ಮಚ್ಚೆ ಎದ್ರೆ ಡಾಕ್ಟರಿಗೆ ತೋರಿಸಿ” ಎಂದಿರಿ. ಅವರು ಎರಡೂ ಕೈಯಲ್ಲಿ ಸೀಸೆ ಹಿಡಿದು ಕಾರು ಹತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಆಗ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಿಮ್ಮನ್ನು ನೋಡಿದರೆ ನನಗೆ ಬಹಳ ಹೆಮ್ಮೆ, ಅತ್ತೆ. ಹಳ್ಳದವರೆಗೆ ನಾನು ನಿಮ್ಮ ಗುಂಪಿನ ಹಿಂದೆ ನಡೆದು ಬರುತ್ತಿದ್ದೆನಲ್ಲ, ಅದು ಗೇಟು ಹಾಕುವುದಕ್ಕಲ್ಲ. ನೀವು ದೊರೆಯ ಮೇಲೆ ಕೂತು, ಎರಡೇ ಬೆರಳಲ್ಲಿ ಲಗಾಮು ಹಿಡಿದು, ಹಿಂದಿನವರ ಕುದುರೆ ಎಲ್ಲಿ ಕಾಲಿಟ್ಟಿತು ಎಂದು ತಿರುಗಿ ನೋಡದೆಯೇ ಹೇಳುವುದನ್ನು ನೋಡಲು ಬರುತ್ತಿದ್ದೆ. ಏಳು ವರ್ಷವಿದ್ದೂ ನಾನು ಒಮ್ಮೆಯೂ ಕುದುರೆ ಹತ್ತಲಿಲ್ಲ. ನೀವು ಒತ್ತಾಯವನ್ನೂ ಮಾಡಲಿಲ್ಲ. “ಹತ್ತೋವಾಗ ಹತ್ತು” ಎಂದು ಬಿಟ್ಟುಬಿಟ್ಟಿರಿ.

ಇದರ ಜೊತೆ ಒಂದು ಕನ್ನಡಿ ಕಳಿಸುತ್ತಿದ್ದೇನೆ. ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜು, ನಾನೇ ಉಜ್ಜಿದ್ದು. ಉದ್ದನೆಯ ಹಿಡಿಯನ್ನು ಯಜಮಾನರು ಹಾಕಿಕೊಟ್ಟರು. ಆದರೂ ಕನ್ನಡಿಗೆ ಕೈಯಿಲ್ಲ, ಅದು ಕೂದಲು ಸರಿಸುವುದಿಲ್ಲ. ಯಾರಾದರೂ ಹೆಂಗಸು ಸಿಕ್ಕಿದರೆ ತೋರಿಸಿ.

ಗುಬ್ಬಿ


ಜುಲೈ ೨

ಗುಬ್ಬಿಗೆ ಆಶೀರ್ವಾದ.

ಕನ್ನಡಿ ಬಂತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನನ್ನ ಮುಖವನ್ನೇ ಅದರಲ್ಲಿ ಮೊದಲು ನೋಡಿಕೊಂಡು ಹೆದರಿದೆ. ಇಷ್ಟು ಸುಕ್ಕಿದೆ ಎಂದು ಯಾರೂ ಹೇಳಿರಲಿಲ್ಲ.

ವಯಸ್ಸಾಯಿತು ಗುಬ್ಬಿ. ಎರಡು ವಾರದಿಂದ ಮೈಕೈ ಬಿದ್ದುಹೋದ ಹಾಗಿದೆ. ಸಂಜೆಯಾದರೆ ಸಣ್ಣಗೆ ಜ್ವರ, ಬೆಳಗಾದರೆ ಬೆವರು. ಮೊಣಕಾಲು ಇವತ್ತು ಎಡ, ನಾಳೆ ಬಲ. ಮೊನ್ನೆ ಖಾಲಿ ದಾರಿ ನೋಡಿಕೊಂಡು ಬರಲು ಒಬ್ಬಳೇ ಹೋದವಳು, ಜೀನಿನ ಮೇಲೇ ತೂಕಡಿಸಿಬಿಟ್ಟೆ. ಕಣ್ಣು ಬಿಟ್ಟರೆ ಲಾಯದ ಬಾಗಿಲು. ದೊರೆ ತನ್ನ ಪಾಡಿಗೆ ನನ್ನನ್ನು ಮನೆಗೆ ತಂದು ನಿಲ್ಲಿಸಿ, ಇಳಿಯುತ್ತೀಯೋ ಇಲ್ಲವೋ ಎಂದು ಕಿವಿ ಅಲ್ಲಾಡಿಸುತ್ತಿದ್ದ. ನಾಚಿಕೆಯಾಯಿತು. ಮುಂದೆ ಹೋಗುವವಳೇ ಮಲಗಿದರೆ ಹಿಂದಿನವರ ಗತಿ ಏನು?

ಈ ಋತು ಮುಗಿಸಿ ಲಗಾಮನ್ನು ಗೂಟಕ್ಕೆ ಹಾಕುವುದೆಂದು ಮನಸ್ಸಿನಲ್ಲಿದೆ. ಕುದುರೆಗಳನ್ನು ಕೇಳಲು ಆ ಕಡೆ ಬೆಟ್ಟದ ಲಾಯದವರು ಬರುತ್ತೇನೆಂದಿದ್ದಾರೆ. ದೊರೆಯನ್ನು ಅವರು ಕೊಳ್ಳುವುದಿಲ್ಲ, ಮುದುಕ. ಅವನೂ ನಾನೂ ಬಿಸಿಲಲ್ಲಿ ಕೂತು ನೊಣ ಓಡಿಸುತ್ತೇವೆ.

ನೋಟ ತಪ್ಪಿಸಿಲ್ಲ. ಬಂದವರಲ್ಲಿ ಒಬ್ಬರಿಗೂ ಈ ವರ್ಷ ಏನೂ ಆಗಿಲ್ಲ, ಅಷ್ಟು ಹೆಮ್ಮೆ ನನಗೆ. ಒಂಟಿಯಾಗಿ ಉಳಿದವರಿಗೆ ನಾನೇ ಜೊತೆಯಾಗಿ ನೋಡುತ್ತೇನೆ. ನನಗೆ “ತಿರುಗಿ ನಿಲ್ಲಿ” ಎಂದರೆ ಮಾತ್ರ “ನಂದು ಆಯ್ತು” ಎಂದುಬಿಡುತ್ತೇನೆ. ಗೊತ್ತಿಲ್ಲದವರ ಮುಂದೆ ಶರ್ಟು ಎತ್ತಲು ನನಗೆ ಮನಸ್ಸಾಗುವುದಿಲ್ಲ. ಅವರಿಗೆ ನಾಚಬೇಡಿ ಎಂದು ಉಪದೇಶ ಮಾಡುವವಳೂ ನಾನೇ. ಹೇಳುವುದು ಒಂದು, ಮಾಡುವುದು ಇನ್ನೊಂದು.

ಎಡ ಭುಜದ ಕೆಳಗೆ ಒಳಬಟ್ಟೆಯ ಪಟ್ಟಿ ಉಜ್ಜಿ ಕೆಂಪಾಗಿದೆ ಎಂದು ಕಾಣುತ್ತದೆ. ನಿನ್ನ ಕನ್ನಡಿಯಲ್ಲಿ ಅಂಚು ಮಾತ್ರ ಸಿಗುತ್ತದೆ. ನೋವಿಲ್ಲ, ತುರಿಕೆಯಿಲ್ಲ, ದಿನದಿನಕ್ಕೆ ಸ್ವಲ್ಪ ಅಗಲವಾಗಿದೆ. ಸೆಕೆಯಲ್ಲಿ ಇದೆಲ್ಲ ಇದ್ದದ್ದೇ.

ಲಾಳದ ಅಣ್ಣ ನಿನ್ನನ್ನು ಕೇಳಿದರು.

ಅತ್ತೆ


ಜುಲೈ ೫, ಬಸ್ಸಿನಿಂದ

ಅತ್ತೆ,

ಬಸ್ಸು ಕುಲುಕುತ್ತಿದೆ, ಅಕ್ಷರ ಕಾಗೆ ಕಾಲಾಗಿದೆ. ನನಗೆ ಕೋಪವೂ ಬಂದಿದೆ. ನಿಮ್ಮ ಕಾಗದ ಬಂದ ತಕ್ಷಣ ಫೋನು ಮಾಡಿದೆ. ಅದು ಲಾಯದ ಗೋಡೆಯ ಮೇಲೆ ಬಡಿದುಕೊಂಡಿರಬೇಕು, ನೀವು ಎತ್ತಿದ್ದರೂ “ಎಲ್ಲ ಚೆನ್ನಾಗಿದೆ” ಎಂದು ಇಟ್ಟುಬಿಡುತ್ತಿದ್ದಿರಿ.

ಪಟ್ಟಿ ಉಜ್ಜಿದ ಗಾಯ ದಿನದಿನಕ್ಕೆ ಅಗಲವಾಗುತ್ತದೆಯೇ ಅತ್ತೆ? ಜ್ವರ, ಇವತ್ತು ಎಡ ನಾಳೆ ಬಲ ಎಂದು ಓಡಾಡುವ ಮೊಣಕಾಲು ನೋವು. ಇದನ್ನೇ ಬೇರೆ ಯಾರಾದರೂ ನಿಮಗೆ ಹೇಳಿದ್ದರೆ ಮಾತು ಮುಗಿಯುವ ಮೊದಲೇ ಆಸ್ಪತ್ರೆಯ ದಾರಿ ಹಿಡಿಸುತ್ತಿದ್ದಿರಿ. ಇಡೀ ಊರಿಗೆ ಬುದ್ಧಿ ಹೇಳಿ ನಿಮ್ಮ ಪಾಲಿಗೆ ವಯಸ್ಸಾಯಿತು ಎಂದು ಇಟ್ಟುಕೊಂಡಿದ್ದೀರಿ. ಮೊದಲು ಬಾಯಿಲ್ಲದ್ದು ಎಂದಿರಿ. ನಿಮಗೆ ಬಾಯಿ ಇತ್ತಲ್ಲ!

ಅಂಗಡಿಗೆ ರಜೆ ಹೇಳಿ ಹೊರಟಿದ್ದೇನೆ. ಬಸ್ ನಿಲ್ದಾಣದಿಂದ ನಿಮ್ಮ ಮಗನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ವಿಚ್ಛೇದನವಾದ ಮೇಲೆ ಮೊದಲ ಸಲ. “ಬರ್ತೀನಿ” ಎಂದಷ್ಟೇ ಅಂದರು.

ಈ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಗೇಟಿನ ಹತ್ತಿರ ಬಂದಾಗ ನನ್ನ ಧೈರ್ಯ ಹೋಗಬಹುದು. ಆ ಮನೆಯೊಳಗೆ ಬರಲು ನನಗೀಗ ಯಾವ ಹಕ್ಕಿದೆ ಎಂದು ಕಾಲು ಹಿಂಜರಿಯಬಹುದು. ಹಾಗಾದರೆ ಇದನ್ನು ಬಾಗಿಲ ಕೆಳಗೆ ತೂರಿಸಿ ಹೊರಗೇ ಕಾಯುತ್ತೇನೆ. ಓದಿ ಹೊರಗೆ ಬನ್ನಿ. ಬೇರೇನೂ ಬೇಡ, ಬೆನ್ನು ತೋರಿಸಿ.

ಗುಬ್ಬಿ


ಜುಲೈ ೧೬

ಅತ್ತೆ, ನಮಸ್ಕಾರ.

ಪೇಟೆಗೆ ಸುಖವಾಗಿ ಬಂದು ಸೇರಿದೆ. ಮಾತ್ರೆಗಳನ್ನು ಊಟವಾದ ಮೇಲೆ, ನೀರು ಜಾಸ್ತಿ ಕುಡಿದು ನುಂಗಿ. ತಕ್ಷಣ ಮಲಗಬೇಡಿ. ಬಿಸಿಲಿಗೆ ಹೋಗಬೇಡಿ. ಡಾಕ್ಟರಮ್ಮ ಇದನ್ನೆಲ್ಲ ನಿಮಗೇ ಹೇಳಿದ್ದಾರೆ. ನೀವು ಕೇಳಿಸಿಕೊಂಡಿರಿ, ಒಪ್ಪಿಕೊಂಡಿರೋ ಇಲ್ಲವೋ ತಿಳಿಯದು.

ಆ ದಿನ ನಡೆದದ್ದನ್ನು ಬರೆಯುತ್ತೇನೆ. ನೀವೂ ಅಲ್ಲೇ ಇದ್ದಿರಿ, ಆದರೆ ಅರ್ಧ ನಿಮ್ಮ ಬೆನ್ನ ಹಿಂದೆ ನಡೆಯಿತು. ಅದನ್ನು ಕಂಡವಳು ನಾನೊಬ್ಬಳೇ.

ಗೇಟಿನಲ್ಲಿ ನಿಜವಾಗಿಯೂ ನಿಂತುಬಿಟ್ಟಿದ್ದೆ. ನನ್ನನ್ನು ಒಳಗೆ ತಂದದ್ದು ದೊರೆ. ಬೇಲಿಯ ಮೇಲಿಂದ ಕತ್ತು ಹಾಕಿ ನನ್ನ ಚೀಲ ಮೂಸಿ, ಅದರ ಪಟ್ಟಿ ಕಚ್ಚಿ ಎಳೆಯತೊಡಗಿದ. ಚೀಲ ಬಿಡಿಸಿಕೊಳ್ಳಲು ಹೋಗಿ ನಾನು ಅಂಗಳದೊಳಗೆ ಬಂದಿದ್ದೆ. ಅಷ್ಟರಲ್ಲಿ ನೀವು ಬಾಗಿಲಿಗೆ ಬಂದು, “ಕಾಗದ ಕೈಯಲ್ಲೇ ಇಟ್ಕೊಂಡು ಬಂದಿದೀಯಲ್ಲೇ, ಕೊಡು ಇಲ್ಲಿ” ಎಂದಿರಿ. ನಾನು ಕಾಗದ ಕೊಡಲಿಲ್ಲ. “ಬಕೆಟ್ ಮೇಲೆ ಕೂತ್ಕೊಳ್ಳಿ” ಎಂದೆ. ಹಾಗೆ ನಿಮಗೆ ಗದರಿದ್ದು ಅದೇ ಮೊದಲು. ನೀವು ಎದುರು ಮಾತಾಡದೆ ಕೂತದ್ದೇ ನನಗೆ ಭಯ ತಂದಿತು.

ಶರ್ಟು ಎತ್ತಿದೆ. ತಟ್ಟೆಯಷ್ಟು ಅಗಲದ ಕೆಂಪು ಉಂಗುರ, ಒಳಗೆ ತಿಳಿಯಾಗಿ, ಮತ್ತೆ ನಡುವೆ ಕೆಂಪು. ಉಣುಗು ಯಾವತ್ತೋ ಹೊಟ್ಟೆ ತುಂಬಿಸಿಕೊಂಡು ಉದುರಿ ಹೋಗಿತ್ತು. ಒಳಬಟ್ಟೆಯ ಪಟ್ಟಿ ಮುಚ್ಚುತ್ತಿದ್ದ ಜಾಗವದು. ಯಾವ ಕನ್ನಡಿಯನ್ನು ಎಷ್ಟು ತಿರುಗಿಸಿದರೂ ನಿಮಗೆ ಅಂಚು ಮಾತ್ರ ಸಿಗುತ್ತಿತ್ತು. ನಾನು ಉಜ್ಜಿ ಕಳಿಸಿದ ಗಾಜೂ ಸೋತಿತ್ತು. “ಏನಿದೆಯೇ?” ಎಂದು ನೀವು ಕೇಳಿದಿರಿ. ಲಾಳದ ಅಣ್ಣನ ಮುಖವೇ ಕಣ್ಣ ಮುಂದೆ ಬಂತು. ಗೇಣಿಟ್ಟು ಉಂಗುರದ ಅಗಲ ಅಳೆದೆ.

ಆಗ ನಿಮ್ಮ ಮಗ ಬಂದರು. ಅವರು ಬಂದದ್ದು ನಿಮಗೆ ಕಾಣಲಿಲ್ಲ. ಬಾಗಿಲಲ್ಲಿ ನಿಂತು, ನಿಮ್ಮ ಬೆನ್ನು ಕಂಡ ತಕ್ಷಣ ಮುಖ ಆ ಕಡೆ ತಿರುಗಿಸಿ, ಅಲ್ಲಿಯೇ ಗೋಡೆಗೆ ಆತುಕೊಂಡರು. ನಾನು ಎರಡು ಕೈಯಲ್ಲಿ ಉಂಗುರದ ಅಳತೆ ತೋರಿಸಿದೆ. ಅವರು ಕಣ್ಣೊರೆಸಿಕೊಂಡರು ಅತ್ತೆ. ಏಳು ವರ್ಷದಲ್ಲಿ ನಾನು ಕಾಣದ್ದು. ಆಮೇಲೆ ಬೂಟಿನ ಸದ್ದು ಮಾಡಿ, ಆಗಷ್ಟೇ ಬಂದವರ ಹಾಗೆ ಕೆಮ್ಮಿ, “ಗಾಡಿ ತಂದಿದೀನಿ, ಹೊರಡಿ” ಎಂದರು.

ಡಾಕ್ಟರಮ್ಮ ಉಂಗುರ ನೋಡಿದವರೇ ಲೈಮ್ ಕಾಯಿಲೆ ಎಂದರು. “ಇಷ್ಟು ಹೊತ್ತಿಗೆ ಬಂದಿದ್ದು ಒಳ್ಳೇದಾಯ್ತು. ಮಾತ್ರೆ ಪೂರ್ತಿ ಮುಗಿಸಿದ್ರೆ ವಾಸಿಯಾಗತ್ತೆ. ಬಿಟ್ಟಿದ್ರೆ ಕೀಲಿಗೆ, ನರಕ್ಕೆ, ಹೃದಯಕ್ಕೂ ಹೋಗ್ತಿತ್ತು” ಎಂದರು. ಎಲ್ಲರಿಗೂ ಈ ಉಂಗುರ ಏಳುವುದಿಲ್ಲವಂತೆ, ಎದ್ದದ್ದು ನಮ್ಮ ಪುಣ್ಯ. ನೀವು ಮಾತ್ರ, “ಕುದುರೆ ಯಾವಾಗ ಹತ್ಲಿ?” ಎಂದು ಕೇಳಿದಿರಿ. ಅವರಿಗೆ ನಗು ತಡೆಯಲಿಲ್ಲ. ಕುದುರೆ ಮಾರುವ ಮಾತು ವಯಸ್ಸಿನದಲ್ಲ, ಕಾಯಿಲೆಯದು ಎಂದು ನನಗೆ ಆಗ ಖಾತ್ರಿಯಾಯಿತು.

ಬಸ್ಸಿನವರೆಗೆ ನಿಮ್ಮ ಮಗ ಬಿಟ್ಟರು. ದಾರಿಯಲ್ಲಿ ಅವರು ಅಂದದ್ದು ಇಷ್ಟು: “ಅಮ್ಮ ನನಗೆ ಹೇಳಲಿಲ್ಲ, ನಿನಗೆ ಬರೆದ್ಲು. ನೀನು ಬಂದು ಹೋಗ್ತಾ ಇರು. ನಾನು ಅಡ್ಡ ಬರಲ್ಲ.” ನಾನು “ಆಯ್ತು” ಎಂದೆ. ಇಷ್ಟು ಮಾತನ್ನು ಮೊದಲೇ ಆಡಿದ್ದರೆ ಎಂದು ಇಬ್ಬರಿಗೂ ಅನಿಸಿರಬೇಕು. ಈಗ ಅದು ಆಗಿಹೋದ ಮಾತು. ಅದರಿಂದ ನೋವಾಗಲಿಲ್ಲ, ಸಮಾಧಾನವೇ ಆಯಿತು.

ಇನ್ನೊಂದು ಮರೆತೆ. ಆಸ್ಪತ್ರೆಯಿಂದ ಬಂದ ಮೇಲೆ ನೀವು ಹಾಸಿಗೆಯಲ್ಲಿ ಕೂತು, “ನೋಡಿದೋರು ತಿರುಗಬೇಕು, ತಿರುಗು” ಎಂದಿರಿ. ಪೇಟೆಯಲ್ಲಿ ಉಣುಗು ಎಲ್ಲಿಂದ ಬರಬೇಕು ಎಂದು ನಕ್ಕು ತಿರುಗಿ ನಿಂತೆ. ನೀವು ಬಹಳ ಹೊತ್ತು ನೋಡಿದಿರಿ, ಏನೂ ಹೇಳಲಿಲ್ಲ.

ಗುಬ್ಬಿ


ಸೆಪ್ಟೆಂಬರ್ ೯

ಗುಬ್ಬಿಗೆ ಅತ್ತೆಯ ಆಶೀರ್ವಾದ.

ಮಾತ್ರೆ ಮುಗಿದು ಬಹಳ ದಿನವಾಯಿತು. ಉಂಗುರ ಅಳಿಸಿಹೋಯಿತು, ಮೊಣಕಾಲು ಓಡಾಟ ನಿಲ್ಲಿಸಿತು. ಮೊದಮೊದಲು ಮೆಟ್ಟಿಲು ಹತ್ತಿದರೂ ಸುಸ್ತಾಗುತ್ತಿತ್ತು, ಈಗ ಅದೂ ಹೋಗಿದೆ. ನಿನ್ನೆ ಡಾಕ್ಟರಮ್ಮ ಹೂಂ ಎಂದ ಮೇಲೆ ದೊರೆಗೆ ಜೀನು ಹಾಕಿದೆ. ಹಳ್ಳದವರೆಗೆ ಹೋಗಿಬಂದೆ, ದಾರಿಯ ನಡುವಲ್ಲೇ. ಬಂದವಳೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿದೆ. ಲಾಳದ ಅಣ್ಣ ಮಗಳನ್ನು ಕಳಿಸಿದ್ದರು, ಅವಳ ಮುಂದೆ ತೆಪ್ಪಗೆ ಬಕೆಟ್ಟಿನ ಮೇಲೆ ಕೂತೆ. ನಾಚಿಕೆ ಒಂದು ಗಳಿಗೆಯದು. ಕುದುರೆ ಕೇಳಲು ಬಂದ ಬೆಟ್ಟದವರಿಗೆ ಚಹಾ ಕೊಟ್ಟು ವಾಪಸ್ಸು ಕಳಿಸಿದೆ.

ಕನ್ನಡಕದಂಗಡಿಯ ಯಜಮಾನರು ನಿನ್ನ ಕಣ್ಣನ್ನು ಹೊಗಳಿದರು ಎಂದು ಬರೆದಿದ್ದೆ. ಅವರು ಏನು ಕಂಡಾರು? ಅಷ್ಟು ದೂರದ ಪೇಟೆಯಲ್ಲಿ ಕೂತು ಕಾಗದದಲ್ಲಿ ‘ಸ್ವಲ್ಪ ಅಗಲವಾಗಿದೆ’ ಎಂಬ ಒಂದು ಮಾತನ್ನು ಹಿಡಿದು, ನನ್ನ ಬೆನ್ನಿನ ಉಂಗುರ ಕಂಡೆಯಲ್ಲ. ಹೆತ್ತ ಮಗ ಕಾಣಲಿಲ್ಲ, ಹೊತ್ತ ನಾನೂ ಕಾಣಲಿಲ್ಲ. ಲಾಯಕ್ಕೆ ಬರುವವರಿಗೆಲ್ಲ ಈ ಕಥೆ ಹೇಳುತ್ತೇನೆ, ಕೇಳಿ ಕೇಳಿ ಮುಂಗೋಪಿಗೂ ಬಾಯಿಪಾಠವಾಗಿದೆ.

ನನ್ನ ಬೆನ್ನ ಹಿಂದೆ ನಡೆದದ್ದನ್ನು ನೀನು ಬರೆದೆ. ಈಗ ನಿನ್ನ ಬೆನ್ನ ಹಿಂದೆ ನಡೆದದ್ದನ್ನು ನಾನು ಬರೆಯುತ್ತೇನೆ, ಕೇಳು.

ತಿರುಗು ಎಂದೆ, ನೀನು ನಗುತ್ತ ತಿರುಗಿದೆ. ರವಿಕೆಯ ಹುಕ್ಕು ಬಿಚ್ಚುವ ಮೊದಲೇ ನನಗೆ ಕಂಡಿತು, ಅದು ನಿನ್ನ ಮೈಮೇಲೆ ನೇತುಬಿದ್ದಿತ್ತು. ಭುಜದ ಮೂಳೆ ಎದ್ದು ನಿಂತಿತ್ತು. ಬೆನ್ನೆಲುಬನ್ನು ಕೈಯಿಟ್ಟು ಎಣಿಸಬಹುದಿತ್ತು. ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುವವಳ ಬೆನ್ನು ಅದಲ್ಲ ಗುಬ್ಬಿ. ಒಂದು ಹೊತ್ತು ಉಣ್ಣುವವಳದೂ ಅಲ್ಲ. ದಪ್ಪಗಾಗಿದ್ದೇನೆ ಎಂದು ಬರೆದಿದ್ದೆ, ನಾನು ನಂಬಿದ್ದೆ. ನಾನೂ ಕನ್ನಡಿಯಲ್ಲಿ ಎಲ್ಲ ಕಾಣುತ್ತದೆ ಎಂದು ಬರೆದಿದ್ದೆ, ನೀನು ನಂಬಿರಲಿಲ್ಲ. ಅಷ್ಟೇ ವ್ಯತ್ಯಾಸ.

ಆಗ ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಅಳು ಬರುತ್ತಿತ್ತು, ನಾನು ನನ್ನ ಕಾಯಿಲೆಗೆ ಅಳುತ್ತಿದ್ದೇನೆ ಎಂದು ನೀನು ತಿಳಿದುಕೊಳ್ಳುತ್ತಿದ್ದೆ. ಕಾಯಿಲೆಗೆ ಡಾಕ್ಟರಮ್ಮ ಮಾತ್ರೆ ಕೊಟ್ಟರು. ಇದಕ್ಕೆ ನನಗೆ ಗೊತ್ತಿರುವ ಔಷಧಿ ಒಂದೇ. ಇಬ್ಬರು ಕೂತು ಉಣ್ಣಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಬಾ. ಈ ಭಾನುವಾರವೊಂದೇ ಅಲ್ಲ, ಎಲ್ಲ ಭಾನುವಾರ. ಊಟ ಮಾಡಿಕೊಂಡು ಬಂದೆ ಎಂದು ಸುಳ್ಳು ಹೇಳಬೇಡ, ಬಂದ ತಕ್ಷಣ ನೋಟ ಇದೆ.

ಅತ್ತೆ


ಸೆಪ್ಟೆಂಬರ್ ೧೩

ಅತ್ತೆ,

ನಿಮ್ಮ ಕಾಗದ ಓದಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಹೊರಗೆ ಬಂದು, ಯಜಮಾನರು ಮನೆಯಿಂದ ತಂದಿದ್ದ ಡಬ್ಬಿಯಲ್ಲಿ ಅರ್ಧ ತಿಂದೆ. ಅವರು ಬೆರಗಾಗಿ ನೋಡುತ್ತಿದ್ದರು.

ಭಾನುವಾರ ಬರುತ್ತೇನೆ. ಖಾಲಿ ಹೊಟ್ಟೆಯಲ್ಲೇ ಬರುತ್ತೇನೆ.

ಬಿಳಿ ಪ್ಯಾಂಟು ಕೊಂಡಿದ್ದೇನೆ, ಉದ್ದನೆಯ ಬಿಳಿ ಕಾಲುಚೀಲವನ್ನೂ. ಯಾಕೆಂದು ಕೇಳಬೇಡಿ. ಮುಂಗೋಪಿ ನನ್ನ ಟೋಪಿ ತಿಂದರೂ ಪರವಾಗಿಲ್ಲ. ದೊರೆಯ ಪಕ್ಕ ಅವಳಿಗೂ ಒಂದು ಜೀನು ಹಾಕಿಸಿಡಿ.

ನಿಮ್ಮ ಸೊಸೆ